ವಾದ್ಯಗಳ ಸಂಗ್ರಹಾಲಯಕ್ಕೆ ಹೊರಟವರಿಗೆ: ಏನು ಕೇಳಿಕೊಂಡು ಹೋಗಬೇಕು, ಏನನ್ನು ನಿಂತು ನೋಡಬೇಕು

ಪರಂಪರೆಯ ವಾದ್ಯಗಳನ್ನು ಇರಿಸಿರುವ ಸಣ್ಣ ಸಂಗ್ರಹಾಲಯಕ್ಕೆ ಹೋದವರಲ್ಲಿ ಅನೇಕರು ಬಹಳ ಬೇಗ ಹೊರಗೆ ಬಂದುಬಿಡುತ್ತಾರೆ. ಅವರಿಗೆ ಸಂಗೀತದಲ್ಲಿ ಆಸಕ್ತಿಯಿಲ್ಲವೆಂದು ಇದರಿಂದ ತಿಳಿಯಬೇಕಾಗಿಲ್ಲ. ಹಳೆಯ ನಾಣ್ಯವನ್ನೋ ಶಾಸನವನ್ನೋ ಗಾಜಿನ ಹಿಂದೆ ಇಟ್ಟರೂ ಅದು ತನ್ನ ವಿಷಯವನ್ನು ನೋಡುವವರಿಗೆ ತಕ್ಕಮಟ್ಟಿಗೆ ತಿಳಿಸುತ್ತದೆ. ವಾದ್ಯವಾದರೋ ನುಡಿಯುವುದಕ್ಕೆಂದೇ ಹುಟ್ಟಿದ್ದು, ಗಾಜಿನ ಹಿಂದೆ ಅದು ಮೌನವಾಗಿರುತ್ತದೆ. ಆದ್ದರಿಂದ ಇಂಥ ಸಂಗ್ರಹಾಲಯಕ್ಕೆ ಹೋಗುವವರು ನಾದವನ್ನು ತಮ್ಮ ಕಿವಿಯಲ್ಲಿ ಮೊದಲೇ ತುಂಬಿಸಿಕೊಂಡು ಹೋಗಬೇಕು, ಅಲ್ಲಿ ಕೆಲವೇ ವಾದ್ಯಗಳ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು, ಬಂದ ಮೇಲೆ ಅದೇ ವಾದ್ಯಗಳನ್ನು ಎದುರಿಗೆ ಕುಳಿತು ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಮೂರನ್ನು ಹೇಗೆ ಮಾಡಬಹುದೆಂಬುದನ್ನು ಬೆಂಗಳೂರಿನ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಎಲ್ಲಿಗೆ, ಯಾವಾಗ

ನಗರದೊಳಗೆ ಸಂಗೀತಕ್ಕೇ ಮೀಸಲಾದ ಸಂಗ್ರಹಾಲಯವೆಂದರೆ ಜೆ.ಪಿ. ನಗರ 7ನೇ ಹಂತದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್. ಅಲ್ಲಿ ಧ್ವನಿಮುದ್ರಣದ ಇತಿಹಾಸ, ಚಿತ್ರಸಂಗೀತ, ಸ್ವಾತಂತ್ರ್ಯ ಹೋರಾಟದ ಹಾಡುಗಳು ಮೊದಲಾಗಿ ಹಲವು ವಿಭಾಗಗಳಿವೆ. ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸುವ ಆಸೆಯನ್ನು ಬಿಟ್ಟು, ವಾದ್ಯಗಳ ವಿಭಾಗವೊಂದನ್ನೇ ಒಂದು ಸಣ್ಣ ಸಂಗ್ರಹಾಲಯವೆಂದು ಭಾವಿಸಿ ಹೋಗುವುದು ಒಳ್ಳೆಯದು. ನಮ್ಮ ಮೆಟ್ರೊದ ಹಸಿರು ಮಾರ್ಗದಲ್ಲಿ ಜಯಪ್ರಕಾಶ ನಗರ ಅಥವಾ ಯಲಚೇನಹಳ್ಳಿ ನಿಲ್ದಾಣದಲ್ಲಿ ಇಳಿದು ಅಲ್ಲಿಂದ ಆಟೊ ಹಿಡಿದರೆ ವಾಹನ ನಿಲ್ಲಿಸುವ ಚಿಂತೆಯಿಲ್ಲದೆ ತಲುಪಬಹುದು.

ಜನಪದ ವಾದ್ಯಗಳನ್ನು ನೋಡಬೇಕೆನ್ನುವವರು ಒಂದು ದಿನವನ್ನು ಬಿಡುವು ಮಾಡಿಕೊಂಡು ರಾಮನಗರದ ಬಳಿಯ ಜಾನಪದ ಲೋಕಕ್ಕೆ ಹೋಗಬೇಕು. ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತಿನ ಮೂಲಕ ಕಟ್ಟಿ 1994ರಲ್ಲಿ ಜನರಿಗೆ ತೆರೆದ ಈ ಸ್ಥಳ ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಹಳೆಯ ಮೈಸೂರು ರಸ್ತೆಯ ಮೇಲೆಯೇ ಇದೆ. ಸ್ವಂತ ವಾಹನದಲ್ಲಿ ಹೋಗುವವರು ಗಮನಿಸಬೇಕಾದ ಸಂಗತಿಯೆಂದರೆ, ಹೊಸ ದಶಪಥ ಹೆದ್ದಾರಿಯು ರಾಮನಗರ ಮತ್ತು ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಅದರಲ್ಲೇ ಸಾಗಿದರೆ ಜಾನಪದ ಲೋಕ ತಪ್ಪಿಹೋಗುತ್ತದೆ. ರಾಮನಗರಕ್ಕೆ ಮುಂಚೆಯೇ ಹಳೆಯ ರಸ್ತೆಗೆ ಇಳಿದುಕೊಳ್ಳಬೇಕು.

ಸಂಗ್ರಹಾಲಯಗಳಿಗೆ ವಾರದ ರಜೆ ಒಂದೊಂದಕ್ಕೂ ಒಂದೊಂದು ದಿನ ಇರುತ್ತದೆ, ಪ್ರವೇಶ ಶುಲ್ಕವೂ ಆಗಾಗ ಬದಲಾಗುತ್ತದೆ. ಆದ್ದರಿಂದ ಹಿಂದಿನ ದಿನವೇ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಅದೇ ಫೋನಿನಲ್ಲಿ ಇನ್ನೂ ಎರಡು ಪ್ರಶ್ನೆಗಳನ್ನು ಕೇಳಿ: ಶಾಲಾ ಮಕ್ಕಳ ದೊಡ್ಡ ತಂಡ ಬರುವುದು ಯಾವ ಹೊತ್ತಿಗೆ, ವಿವರಿಸಿ ಹೇಳುವ ಸಿಬ್ಬಂದಿ ಇರುವುದು ಯಾವ ಹೊತ್ತಿಗೆ. ವಾದ್ಯದ ಸಂಗ್ರಹಾಲಯದಲ್ಲಿ ನಿಶ್ಶಬ್ದಕ್ಕೆ ಬಹಳ ಬೆಲೆಯಿದೆ. ವಾರದ ನಡುವಿನ ಒಂದು ಮಧ್ಯಾಹ್ನ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಹೊರಡುವ ಮುನ್ನ ಕೇಳಬೇಕಾದದ್ದು

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಹೋಗುವ ವಾರದಲ್ಲಿ ಮನೆಯಲ್ಲಿ, ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು, ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು, ನಾಲ್ಕು ಬಗೆಯ ನಾದವನ್ನು ಕೇಳಿ. ಮೊದಲನೆಯದು ಬರಿಯ ತಂಬೂರಿ. ಹಾಡಿನ ಹಿಂದೆ ಕೇಳುವ ತಂಬೂರಿಯನ್ನು ಬಿಟ್ಟು, ಅದೊಂದೇ ನುಡಿಯುವುದನ್ನು ಐದು ನಿಮಿಷ ಕೇಳಿದರೆ, ನಾಲ್ಕು ತಂತಿಗಳಿಂದ ನಾಲ್ಕಕ್ಕಿಂತ ಹೆಚ್ಚು ಸ್ವರಗಳು ಹೊರಡುತ್ತಿರುವುದು ಸ್ವಲ್ಪ ಹೊತ್ತಿಗೆ ಕಿವಿಗೆ ಸಿಕ್ಕತೊಡಗುತ್ತದೆ. ಎರಡನೆಯದು ವೀಣೆಯ ಒಂದು ಆಲಾಪನೆ. ಮೂರನೆಯದು ಮೃದಂಗದ ತನಿ ಆವರ್ತನ, ಎಂದರೆ ಕಚೇರಿಯಲ್ಲಿ ಲಯವಾದ್ಯ ಮಾತ್ರ ನುಡಿಯುವ ಭಾಗ. ನಾಲ್ಕನೆಯದು ಡೊಳ್ಳು, ತಮಟೆ, ಕಂಸಾಳೆಗಳಲ್ಲಿ ಯಾವುದಾದರೂ ಒಂದು. ಇದನ್ನು ವೇದಿಕೆಗಾಗಿ ಹೊಂದಿಸಿದ ಪ್ರದರ್ಶನದಲ್ಲಿ ಕೇಳುವುದಕ್ಕಿಂತ ಊರಹಬ್ಬದಲ್ಲಿ, ಜಾತ್ರೆಯಲ್ಲಿ ಚಿತ್ರೀಕರಿಸಿದ ದಾಖಲೆಯಲ್ಲಿ ಕೇಳುವುದು ಮೇಲು.

ಇದರೊಂದಿಗೆ ಒಂದು ವಿಂಗಡಣೆಯನ್ನು ನೆನಪಿಟ್ಟುಕೊಂಡರೆ ಒಳಗೆ ದಾರಿ ಸುಲಭವಾಗುತ್ತದೆ. ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕಾಗಿ ಮಾಡಿದೆ. ತಂತಿಯಿಂದ ನುಡಿಯುವುದು ತತ, ಗಾಳಿಯಿಂದ ನುಡಿಯುವುದು ಸುಷಿರ, ಚರ್ಮ ಹೊದಿಸಿದ್ದು ಅವನದ್ಧ, ತಾಳ, ಗೆಜ್ಜೆ, ಘಟಗಳಂತೆ ತನ್ನ ಮೈಯೇ ನುಡಿಯುವುದು ಘನ. ಯೂರೋಪಿನ ವಿದ್ವಾಂಸರಾದ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ 1914ರಲ್ಲಿ ಪ್ರಕಟಿಸಿದ, ಇಂದು ಪ್ರಪಂಚದ ಅನೇಕ ಸಂಗ್ರಹಾಲಯಗಳು ಬಳಸುವ ವಿಂಗಡಣೆಯೂ ಇದೇ ತತ್ತ್ವದ ಮೇಲೆ ನಿಂತಿದೆ: ವಾದ್ಯದಲ್ಲಿ ಮೊದಲು ಕಂಪಿಸುವುದು ಯಾವುದು ಎಂಬುದೇ ಅದರ ಮೊದಲ ಪ್ರಶ್ನೆ. ಹಲಗೆಗಳ ಮೇಲಿನ ಬರಹವೂ ವಾದ್ಯಗಳನ್ನು ಜೋಡಿಸಿದ ಕ್ರಮವೂ ಸಾಮಾನ್ಯವಾಗಿ ಈ ನಾಲ್ಕನ್ನೇ ಅನುಸರಿಸಿರುತ್ತವೆ.

ಒಳಗೆ ಕಾಲಿಟ್ಟ ಮೇಲೆ

ಮೊದಲು ಎಲ್ಲಿಯೂ ನಿಲ್ಲದೆ, ಯಾವ ಬರಹವನ್ನೂ ಓದದೆ, ಹತ್ತು ನಿಮಿಷದಲ್ಲಿ ಪೂರ್ತಿ ಒಂದು ಸುತ್ತು ಹಾಕಿ. ಈ ಸುತ್ತಿನಲ್ಲಿ ಕಣ್ಣನ್ನು ಹಿಡಿದ ನಾಲ್ಕೋ ಐದೋ ವಾದ್ಯಗಳನ್ನು ಗುರುತು ಮಾಡಿಕೊಳ್ಳಿ. ನಾಲ್ಕು ಬಗೆಗಳಿಗೂ ಒಂದೊಂದಾದರೂ ಸೇರುವಂತೆ ನೋಡಿಕೊಳ್ಳಿ. ಎರಡನೆಯ ಸುತ್ತಿನಲ್ಲಿ ಅವುಗಳ ಬಳಿಗೆ ಮಾತ್ರ ಹೋಗಿ. ನೂರು ವಾದ್ಯಗಳ ಹೆಸರನ್ನು ಓದಿಕೊಂಡು ಬಂದವರಿಗಿಂತ ಐದು ವಾದ್ಯಗಳ ಮೈಯನ್ನು ಓದಿಕೊಂಡು ಬಂದವರು ಮುಂದಿನ ಸಂಗೀತ ಕಚೇರಿಯಲ್ಲಿ ಹೆಚ್ಚು ಕೇಳುತ್ತಾರೆ.

ಪ್ರತಿಯೊಂದರ ಮುಂದೆಯೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಮೊದಲು ಕಂಪಿಸುವುದು ಯಾವುದು? ಆ ಸಣ್ಣ ಕಂಪನವನ್ನು ದೊಡ್ಡದು ಮಾಡುವುದು ಯಾವುದು, ಎಂದರೆ ಬುರುಡೆಯೋ ಮರದ ಕೊಡವೋ ಲೋಹದ ಬಾಯಿಯೋ? ನುಡಿಸುವವರು ಸ್ವರವನ್ನು ಏರಿಸಿ ಇಳಿಸುವುದು ಎಲ್ಲಿ ಕೈಯಿಟ್ಟು? ಈ ಮೂರಕ್ಕೆ ಉತ್ತರವನ್ನು ಹಲಗೆಯ ಬರಹ ಓದುವ ಮೊದಲೇ ಕಣ್ಣಿನಿಂದ ಹುಡುಕಲು ಪ್ರಯತ್ನಿಸಿ. ಸಿಗದಿದ್ದರೆ ಆಮೇಲೆ ಓದಿ.

ವೀಣೆ ಮತ್ತು ತಂಬೂರಿ: ಕುದುರೆಯ ಬಳಿ ಬಗ್ಗಿ ನೋಡಿ

ಯಾವ ಸಂಗ್ರಹಾಲಯದಲ್ಲಿಯೂ ವೀಣೆಯ ಮುಂದೆ ಜನ ಅದರ ತುದಿಯಲ್ಲಿ ಕೆತ್ತಿದ ಯಾಳಿಯ, ಎಂದರೆ ಸಿಂಹದಂಥ ಕಲ್ಪಿತ ಮೃಗದ, ಮುಖವನ್ನು ನೋಡಿ ಮುಂದೆ ಹೋಗುತ್ತಾರೆ. ಯಾಳಿ ಸುಂದರವಾದದ್ದೇ. ಆದರೆ ನಾದದ ಗುಟ್ಟು ಇರುವುದು ಇನ್ನೊಂದು ತುದಿಯಲ್ಲಿ. ಹಲಸಿನ ಮರದ ಕೊಡದ ಮೇಲೆ ತಂತಿಗಳನ್ನು ಹೊತ್ತು ನಿಂತಿರುವ ಕುದುರೆಯನ್ನು ಬಗ್ಗಿ, ಪಕ್ಕದಿಂದ ನೋಡಿ. ಪಿಟೀಲಿನ ಕುದುರೆಯಂತೆ ಅದರ ಅಂಚು ಚೂಪಾಗಿಲ್ಲ. ಮೇಲೆ ಕೂರಿಸಿದ ಲೋಹದ ತಗಡು ಅಗಲವಾಗಿದ್ದು ಬಹಳ ಸೂಕ್ಷ್ಮವಾಗಿ ಬಾಗಿರುತ್ತದೆ. ಮೀಟಿದ ತಂತಿ ಕಂಪಿಸುವಾಗ ಈ ಬಾಗಿದ ಮೈಯನ್ನು ಮತ್ತೆ ಮತ್ತೆ ಸವರಿಕೊಂಡು ಹೋಗುತ್ತದೆ, ಅದರಿಂದ ನಾದಕ್ಕೆ ಮೇಲುಸ್ವರಗಳು, ಎಂದರೆ ಮೂಲಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು, ಸೇರಿಕೊಳ್ಳುತ್ತವೆ. ಸರ್ ಸಿ.ವಿ. ರಾಮನ್ 1921ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದನ್ನೇ ಚರ್ಚಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಮೇಲುಸ್ವರಗಳು ಕೇಳಬಾರದು ಎಂಬುದು ಯೂರೋಪಿನ ಭೌತವಿಜ್ಞಾನ ಒಪ್ಪಿದ್ದ ನಿಯಮ; ವೀಣೆಯಲ್ಲೂ ತಂಬೂರಿಯಲ್ಲೂ ಅವು ಸ್ಪಷ್ಟವಾಗಿ ಕೇಳುತ್ತವೆ, ಅದಕ್ಕೆ ಕಾರಣ ಈ ಕುದುರೆಯ ಬಾಗು ಎಂದು ಅವರು ತೋರಿಸಿದರು.

ತಂಬೂರಿಯಲ್ಲಿ ಇದಕ್ಕೆ ಇನ್ನೊಂದು ಉಪಾಯ ಸೇರಿದೆ. ಕುದುರೆಗೂ ತಂತಿಗೂ ನಡುವೆ ಸಿಕ್ಕಿಸಿರುವ ತೆಳುವಾದ ನೂಲನ್ನು ಹುಡುಕಿ. ಇದನ್ನು ಜೀವಾಳ ಎನ್ನುತ್ತಾರೆ. ಈ ನೂಲನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೂ ನಾದ ಬದಲಾಗುತ್ತದೆ: ಒಂದು ಜಾಗದಲ್ಲಿ ತಂತಿ ಮಂಕಾಗಿ ನುಡಿದರೆ, ಸರಿಯಾದ ಜಾಗದಲ್ಲಿ ಅದು ಝೇಂಕರಿಸುತ್ತದೆ. ಕಚೇರಿಗೆ ಮುನ್ನ ಗಾಯಕರು ತಂಬೂರಿಯನ್ನು ಅಷ್ಟು ಹೊತ್ತು ಶ್ರುತಿ ಮಾಡುವುದು ಬಿರಡೆಗಳನ್ನು ತಿರುಗಿಸುವುದಕ್ಕೆ ಮಾತ್ರವಲ್ಲ, ಈ ನೂಲಿನ ಜಾಗವನ್ನು ಹುಡುಕುವುದಕ್ಕೂ ಹೌದು. ಪ್ರದರ್ಶನದ ತಂಬೂರಿಯಲ್ಲಿ ಅನೇಕ ಕಡೆ ಈ ನೂಲು ಇರುವುದಿಲ್ಲ. ಇಲ್ಲದಿದ್ದರೆ ಸಿಬ್ಬಂದಿಯನ್ನು ಕೇಳಿ. ನುಡಿಸಲು ಬಿಡುವ ತಂಬೂರಿಯೊಂದು ಇದ್ದರೆ, ನೂಲು ಇದ್ದಾಗ ಮತ್ತು ತೆಗೆದಾಗ ಹೇಗೆ ಕೇಳುತ್ತದೆಂದು ತೋರಿಸಿಕೊಡಲು ವಿನಂತಿಸಿ. ಇಡೀ ಭೇಟಿಯಲ್ಲಿ ಇದೊಂದನ್ನು ಕೇಳಿಸಿಕೊಂಡು ಬಂದರೂ ಹೋದದ್ದು ಸಾರ್ಥಕ.

ಈಗ ವೀಣೆಯ ದಂಡಿಯ, ಎಂದರೆ ಕೋಲಿನಂಥ ಉದ್ದನೆಯ ಭಾಗದ, ಕಡೆಗೆ ಬನ್ನಿ. ಅದರ ಮೇಲಿನ ಮೆಟ್ಟಿಲುಗಳನ್ನು ಎಣಿಸಿ; 24 ಇರಬೇಕು. ಅವು ಮರಕ್ಕೆ ನೇರವಾಗಿ ಹೊಡೆದವಲ್ಲ, ಕಪ್ಪಗಿನ ಮೇಣದ ಎರಡು ಸಾಲುಗಳ ಮೇಲೆ ಕೂತಿರುತ್ತವೆ. ಮೇಣ ಕಾಲಕ್ರಮದಲ್ಲಿ ಸವೆಯುತ್ತದೆ, ಸೆಕೆಗೆ ಮೆತ್ತಗಾಗುತ್ತದೆ, ಆಗ ಮೆಟ್ಟಿಲುಗಳನ್ನು ಎಬ್ಬಿಸಿ ಮತ್ತೆ ಸ್ವರಕ್ಕೆ ಕೂರಿಸಬೇಕಾಗುತ್ತದೆ. ಇದನ್ನು ಬಲ್ಲ ಕುಶಲಿಗಳು ಈಗ ವಿರಳ. ಏಳು ತಂತಿಗಳಲ್ಲಿ ನಾಲ್ಕು ಮೆಟ್ಟಿಲುಗಳ ಮೇಲೆ ಹಾದುಹೋದರೆ, ಮೂರು ಪಕ್ಕದಲ್ಲಿ ತಾಳಕ್ಕೆಂದು ಇರುತ್ತವೆ. ವೀಣೆ ಹಳೆಯದಾಗಿದ್ದು ಚೆನ್ನಾಗಿ ನುಡಿಸಿದ್ದಾಗಿದ್ದರೆ, ಮೆಟ್ಟಿಲುಗಳ ಮೇಲೆ ತಂತಿ ಉಜ್ಜಿ ಬಿದ್ದ ಗೆರೆಗಳು ಕಾಣುತ್ತವೆ. ನೇರವಾದ ಗೆರೆಗಳನ್ನಷ್ಟೇ ನೋಡಿ ಬಿಡಬೇಡಿ. ಗಮಕಕ್ಕಾಗಿ, ಎಂದರೆ ಸ್ವರವನ್ನು ಬಳುಕಿಸಲು, ತಂತಿಯನ್ನು ಪಕ್ಕಕ್ಕೆ ಎಳೆದಾಗ ಲೋಹ ಅಡ್ಡಡ್ಡಲಾಗಿ ನುಣುಪಾಗಿ ಸವೆದಿರುತ್ತದೆ, ಮತ್ತು ಆ ಸವೆತ ಎಲ್ಲ ಮೆಟ್ಟಿಲುಗಳಲ್ಲೂ ಒಂದೇ ಸಮನಾಗಿರುವುದಿಲ್ಲ. ಯಾವ ಸ್ವರದ ಮೇಲೆ ಆ ಕೈ ಹೆಚ್ಚು ನಿಂತಿತ್ತೆಂಬುದನ್ನು ಅದರಿಂದ ಊಹಿಸಬಹುದು.

ದಂಡಿಯ ಕೆಳಗಿನ ಬುರುಡೆಯನ್ನೂ ಗಮನಿಸಿ. ಹಳೆಯ ವೀಣೆಗಳಲ್ಲಿ ಅದು ಒಣಗಿಸಿದ ಸೋರೆಬುರುಡೆ. ಈಚಿನವುಗಳಲ್ಲಿ ಕಾಗದದ ತಿರುಳಿನಿಂದಲೋ ಫೈಬರಿನಿಂದಲೋ ಮಾಡಿರುತ್ತಾರೆ. ತಂಜಾವೂರಿನ ಕಡೆಯ ಏಕಾಂಡ ವೀಣೆಗಳಲ್ಲಿ ಕೊಡವೂ ದಂಡಿಯೂ ಒಂದೇ ಮರದ ತುಂಡಿನಿಂದ ಕೆತ್ತಿದವು, ಬೇರೆಯವುಗಳಲ್ಲಿ ಕೊಡಕ್ಕೂ ದಂಡಿಗೂ ನಡುವೆ ಜೋಡಣೆಯ ಗೆರೆ ಕಾಣುತ್ತದೆ. ನಮ್ಮ ಮೈಸೂರಿನ ವೀಣಾ ಪರಂಪರೆಯ ಬಗ್ಗೆ, ವಿಶೇಷವಾಗಿ ವೀಣೆ ಶೇಷಣ್ಣನವರ (1852–1926) ಬಗ್ಗೆ ಅಲ್ಲಿ ಏನಾದರೂ ಇದ್ದರೆ ಅದನ್ನು ಬಿಡದೆ ಓದಿ.

ಒಂದು ಮಾತು ಇಲ್ಲಿಯೇ ಹೇಳಬೇಕು. ಪ್ರದರ್ಶನದ ವಾದ್ಯಗಳ ತಂತಿಗಳು ಸಡಿಲವಾಗಿರುವುದನ್ನು ಕಂಡು ನಿರ್ಲಕ್ಷ್ಯವೆಂದು ಕೆಲವರು ಬೇಸರಪಡುತ್ತಾರೆ. ಬಿಗಿದ ತಂತಿಗಳು ವರ್ಷಾನುಗಟ್ಟಲೆ ಮರವನ್ನು ಎಳೆಯುತ್ತಲೇ ಇದ್ದರೆ ದಂಡಿ ಬಾಗುತ್ತದೆ, ಜೋಡಣೆ ಬಿಡುತ್ತದೆ. ಆದ್ದರಿಂದ ಸಡಿಲಿಸಿಡುವುದೇ ಸರಿಯಾದ ಕ್ರಮ. ಮಂದವಾದ ಬೆಳಕಿಗೂ ಫ್ಲ್ಯಾಷ್ ನಿಷೇಧಕ್ಕೂ ಹೀಗೆಯೇ ಕಾರಣವಿದೆ: ಬಣ್ಣ, ಚರ್ಮ, ಬಟ್ಟೆಗಳು ಬೆಳಕಿನಿಂದ ಹಾಳಾಗುತ್ತವೆ, ಹಾಳಾದದ್ದನ್ನು ಮರಳಿ ತರಲು ಆಗುವುದಿಲ್ಲ.

ಮೃದಂಗ: ಕಪ್ಪು ವೃತ್ತದ ಬಿರುಕುಗಳು

ಮೃದಂಗದ ಬಲಮುಚ್ಚಿಗೆಯ, ಎಂದರೆ ಬಲಗಡೆಯ ಚರ್ಮದ ಹೊದಿಕೆಯ, ನಡುವೆ ಇರುವ ಕಪ್ಪು ವೃತ್ತವನ್ನು ಕರಣೆ ಎನ್ನುತ್ತಾರೆ. ಗಾಜಿಗೆ ಎಷ್ಟು ಹತ್ತಿರ ಹೋಗಲು ಬಿಡುತ್ತಾರೋ ಅಷ್ಟು ಹತ್ತಿರ ಹೋಗಿ ಅದನ್ನು ನೋಡಿ. ದೂರದಿಂದ ನುಣುಪಾದ ಬಿಲ್ಲೆಯಂತೆ ಕಾಣುವ ಅದರ ಮೇಲೆ ಕೂದಲಿನಷ್ಟು ತೆಳುವಾದ ಅಸಂಖ್ಯ ಬಿರುಕುಗಳ ಜಾಲವಿರುತ್ತದೆ. ಅವು ವಯಸ್ಸಿನಿಂದ ಬಂದವಲ್ಲ. ಖನಿಜದ ಪುಡಿಯನ್ನು ಅನ್ನದೊಡನೆ ಅರೆದು ಮಾಡಿದ ಲೇಪವನ್ನು ಪದರ ಪದರವಾಗಿ ಹಚ್ಚುತ್ತ, ಪ್ರತಿ ಪದರವನ್ನೂ ನುಣುಪಾದ ಕಲ್ಲಿನಿಂದ ಉಜ್ಜಿ, ಬೇಕೆಂದೇ ಆ ಬಿರುಕುಗಳನ್ನು ತರಿಸುತ್ತಾರೆ. ಲೇಪ ಒಂದೇ ಗಟ್ಟಿ ಬಿಲ್ಲೆಯಾಗಿ ನಿಂತರೆ ಚರ್ಮ ಕಂಪಿಸಲಾರದು. ಬಿರುಕುಗಳಿರುವುದರಿಂದ ಭಾರವೂ ಉಳಿಯುತ್ತದೆ, ಚರ್ಮದ ಸ್ವಾತಂತ್ರ್ಯವೂ ಉಳಿಯುತ್ತದೆ.

ಈ ಭಾರದ ಪರಿಣಾಮವನ್ನು ವಿಜ್ಞಾನದ ಭಾಷೆಯಲ್ಲಿ ಮೊದಲು ವಿವರಿಸಿದವರೂ ರಾಮನ್ ಅವರೇ. ಬರಿಯ ಚರ್ಮದ ಹೊದಿಕೆಯನ್ನು ಬಡಿದಾಗ ಹುಟ್ಟುವ ಮೇಲುಸ್ವರಗಳು ಮೂಲಸ್ವರದ ಎರಡು ಪಟ್ಟು, ಮೂರು ಪಟ್ಟು ಎಂಬಂಥ ಕ್ರಮದಲ್ಲಿ ಇರುವುದಿಲ್ಲ. ಮೊದಲ ಮೇಲುಸ್ವರವೇ ಮೂಲದ ಸುಮಾರು 1.59 ಪಟ್ಟು ಇರುತ್ತದೆ, ಆದ್ದರಿಂದ ಅಂಥ ಚರ್ಮವಾದ್ಯಗಳಲ್ಲಿ ಶಬ್ದ ಕೇಳಿದರೂ ಸ್ವರ ಸ್ಪಷ್ಟವಾಗಿ ಕಟ್ಟುವುದಿಲ್ಲ. ನಡುವೆ ಕರಣೆಯ ಭಾರ ಸೇರಿದಾಗ ಚರ್ಮದ ಮೊದಲ ಒಂಬತ್ತು ಕಂಪನವಿಧಾನಗಳು ಕೂಡಿಕೊಂಡು ಐದು ಸಂವಾದಿ ಸ್ವರಗಳ ಸಾಲನ್ನು ಕೊಡುತ್ತವೆ. 1920ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ 'ನೇಚರ್' ಪತ್ರಿಕೆಯಲ್ಲಿ ಚಿಕ್ಕದಾಗಿ ಬರೆದಿದ್ದ ವಿಷಯವನ್ನು ಅವರು ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯ ಮೊದಲ ಸಂಪುಟದಲ್ಲಿ ವಿಸ್ತರಿಸಿ ಪ್ರಕಟಿಸಿದರು. ಮೃದಂಗವನ್ನು ಗಾಯಕರ ಶ್ರುತಿಗೆ ಸೇರಿಸಲು ಸಾಧ್ಯವಾಗುವುದು ಈ ಗುಣದಿಂದಲೇ. ಹೆಸರು ಗೊತ್ತಿಲ್ಲದ ಕುಶಲಿಗಳು ಶತಮಾನಗಳ ಹಿಂದೆ ಕಿವಿಯಿಂದಲೇ ಕಂಡುಕೊಂಡಿದ್ದ ಸತ್ಯವಿದು.

ಎಡಮುಚ್ಚಿಗೆಯಲ್ಲಿ ಕರಣೆ ಇಲ್ಲದಿರುವುದನ್ನು ಕಂಡು ಮಕ್ಕಳು ಖಂಡಿತ ಪ್ರಶ್ನೆ ಕೇಳುತ್ತಾರೆ. ಅಲ್ಲಿಗೆ ಪ್ರತಿ ಕಚೇರಿಗೆ ಮುನ್ನ ರವೆಯನ್ನು ನೀರಿನಲ್ಲಿ ಕಲಸಿದ ಉಂಡೆಯನ್ನು ಹಚ್ಚುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಆ ಒದ್ದೆಯಾದ ಭಾರವೇ ಎಡಗೈಯ ಗಂಭೀರವಾದ ಧ್ವನಿಗೆ ಕಾರಣ. ಮಕ್ಕಳಿಗೆ ಮೃದಂಗದ ಮುಂದೆ ನಿಂತು ತ, ದಿ, ತೊಂ, ನಂ ಎಂದು ಬಾಯಲ್ಲಿ ಹೇಳಿಸಿ. ಯಾವ ಸೊಲ್ಲು ಯಾವ ಕಡೆಯಿಂದ ಬರಬಹುದೆಂದು ಊಹಿಸಲು ಬಿಡಿ.

ಪಕ್ಕದಲ್ಲಿ ಖಂಜಿರ, ಎಂದರೆ ಒಂದೇ ಮುಖಕ್ಕೆ ಚರ್ಮ ಹೊದಿಸಿದ ಕೈವಾದ್ಯ, ಇದ್ದರೆ ಅದರ ಚರ್ಮ ಯಾವುದೆಂದು ಓದಿ. ಹಳೆಯ ಖಂಜಿರಗಳಿಗೆ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡ ಸಂರಕ್ಷಿತ ಪ್ರಾಣಿ. ಅದರ ಬದಲು ಆಡಿನ ಚರ್ಮವನ್ನೋ ಕೃತಕ ಹಾಳೆಯನ್ನೋ ಬಳಸುವುದು ಕಾನೂನಿಗೂ ಮನಸ್ಸಾಕ್ಷಿಗೂ ಒಪ್ಪುವ ದಾರಿ.

ಜನಪದ ವಾದ್ಯಗಳ ಮುಂದೆ ಇನ್ನೊಂದು ಪ್ರಶ್ನೆ

ಶಾಸ್ತ್ರೀಯ ವಾದ್ಯಗಳಿಗೆ ಮೇಲಿನ ಮೂರು ಪ್ರಶ್ನೆಗಳು ಸಾಕು. ಜನಪದ ವಾದ್ಯಗಳ ಬಳಿ ನಾಲ್ಕನೆಯದೊಂದನ್ನು ಸೇರಿಸಿಕೊಳ್ಳಬೇಕು: ಈ ವಾದ್ಯದ ಕೆಲಸವೇನು, ಅದನ್ನು ಯಾರು, ಯಾವ ಹೊತ್ತಿನಲ್ಲಿ ಹಿಡಿಯುತ್ತಾರೆ? ಡೊಳ್ಳನ್ನು ಬೀರೇಶ್ವರನ ಆರಾಧನೆಯಿಂದ ಬೇರ್ಪಡಿಸಿದರೆ ಉಳಿಯುವುದು ಒಂದು ದೊಡ್ಡ ಮರದ ಉರುಳೆ ಮಾತ್ರ. ಕಂಸಾಳೆ ಎಂದರೆ ಕಂಚಿನ ಬಟ್ಟಲು ಮತ್ತು ಹಗ್ಗ ಕಟ್ಟಿದ ಕಂಚಿನ ತಟ್ಟೆ. ಆದರೆ ಅದನ್ನು ಹಿಡಿಯುವ ದೇವರಗುಡ್ಡರಿಗೆ ಅದು ಮಲೆ ಮಹದೇಶ್ವರನಿಂದ ಪಡೆದ ದೀಕ್ಷೆಯ ಗುರುತು, ಇರುಳಿಡೀ ನಡೆಯುವ ಮಹದೇಶ್ವರನ ಕಥೆಗೆ ಅದೇ ತಾಳ. ಬೀಸು ಕಂಸಾಳೆಯಲ್ಲಿ ತಟ್ಟೆಯನ್ನು ಹಗ್ಗದಿಂದ ಬೀಸಿ, ಬೆನ್ನ ಹಿಂದೆ, ತಲೆಯ ಮೇಲೆ, ಪಕ್ಕದವರ ಬಟ್ಟಲಿಗೂ ತಾಗಿಸುತ್ತಾರೆ. ಹಗ್ಗದ ಉದ್ದವನ್ನು ನೋಡಿದರೆ ಆ ಚಲನೆಯನ್ನು ಕಣ್ಣಿಗೆ ಕಟ್ಟಿಕೊಳ್ಳಬಹುದು.

ಚೌಡಿಕೆಯನ್ನು ತಪ್ಪದೆ ಹುಡುಕಿ. ಸವದತ್ತಿಯ ಎಲ್ಲಮ್ಮನ ಜೋಗತಿಯರು ನುಡಿಸುವ ಈ ವಾದ್ಯದಲ್ಲಿ ಟೊಳ್ಳಾದ ಮರದ ಕೊಳಗದ ತಳಕ್ಕೆ ಚರ್ಮ ಬಿಗಿದು, ಆ ಚರ್ಮದ ನಡುವಿನಿಂದ ತಂತಿಯೊಂದನ್ನು ಎಳೆದಿರುತ್ತಾರೆ. ಕಂಪಿಸುವುದು ತಂತಿಯೋ ಚರ್ಮವೋ ಎಂಬ ಪ್ರಶ್ನೆಯನ್ನು ಇದರ ಮುಂದೆ ಕೇಳಿಕೊಂಡರೆ, ನಾಲ್ಕು ವರ್ಗಗಳ ವಿಂಗಡಣೆ ಎಲ್ಲ ವಾದ್ಯಗಳಿಗೂ ಸರಾಗವಾಗಿ ಹೊಂದುವುದಿಲ್ಲವೆಂಬುದು ತಿಳಿಯುತ್ತದೆ. ತಂತಿಯ ಬಿಗಿತವನ್ನು ನುಡಿಸುತ್ತಲೇ ಹೆಚ್ಚು ಕಡಿಮೆ ಮಾಡುವುದರಿಂದ ಇದರ ಸ್ವರ ಜಾರುತ್ತದೆ, ಏರುತ್ತದೆ.

ತಮಟೆಯನ್ನು ಬಾರಿಸುವ ಮೊದಲು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಕಾವಿಗೆ ಚರ್ಮದ ತೇವ ಆರಿ ಬಿಗಿಯಾಗುತ್ತದೆ. ಮಂಕಾಗಿದ್ದ ಸದ್ದು ಸಿಡಿಯತೊಡಗುತ್ತದೆ. ತಂಪು ಕೊಠಡಿಯಲ್ಲಿಟ್ಟ ತಮಟೆ ತನ್ನ ನಿಜವಾದ ಸ್ಥಿತಿಯಲ್ಲಿ ಇಲ್ಲವೆಂಬುದನ್ನು ನೆನಪಿಡಿ. ಅದರ ಚರ್ಮ ಹದ ಮಾಡಿದವರು, ಅದನ್ನು ಬಾರಿಸುತ್ತ ಬಂದವರು ಹೆಚ್ಚಾಗಿ ದಲಿತ ಸಮುದಾಯಗಳವರು. ಮೃದಂಗದ ಮುಚ್ಚಿಗೆ ಕಟ್ಟುವ ಕೆಲಸದ ಹಿಂದೆಯೂ ಇದೇ ಚರಿತ್ರೆಯಿದೆ. ಹಲಗೆಗಳ ಮೇಲೆ ನುಡಿಸಿದ ವಿದ್ವಾಂಸರ ಹೆಸರು ಇರುತ್ತದೆ, ದಾನ ಕೊಟ್ಟವರ ಹೆಸರು ಇರುತ್ತದೆ. ಮಾಡಿದವರ ಹೆಸರು ಅಪರೂಪ. ಸಿಬ್ಬಂದಿಯನ್ನು ಕಾಣುವಾಗ "ಇದನ್ನು ಮಾಡಿದವರು ಯಾರು, ಯಾವ ಊರಿನವರು?" ಎಂದು ಕೇಳುವ ರೂಢಿಯನ್ನು ನಾವೆಲ್ಲ ಬೆಳೆಸಿಕೊಂಡರೆ, ಮುಂದಿನ ಬಾರಿ ಹಲಗೆ ಬರೆಯುವಾಗ ಅವರೂ ಆ ಹೆಸರನ್ನು ಹುಡುಕುತ್ತಾರೆ. ಇದು ನೋಡುಗರಿಂದ ಆಗಬಹುದಾದ ಕೆಲಸವೆಂದು ನಾನು ನಂಬಿದ್ದೇನೆ.

ಊದುವ ವಾದ್ಯಗಳಲ್ಲಿ ನಾಗಸ್ವರದ ಬಳಿ ಒಂದು ಸಣ್ಣ ವಿವರವನ್ನು ನೋಡಿ: ಬಾಯಿಯ ಹತ್ತಿರ ದಾರದಿಂದ ಇಳಿಬಿಟ್ಟಿರುವ ಚಿಕ್ಕ ಚಿಕ್ಕ ವಸ್ತುಗಳು ಅಲಂಕಾರಕ್ಕೆ ಇರುವುದಲ್ಲ. ಊದುವ ಜೋಡಿನಾಲಿಗೆ ಒದ್ದೆಯಾಗಿ ಕೈಕೊಟ್ಟರೆ ಬದಲಿಸಲು ಇಟ್ಟುಕೊಂಡ ಬೇರೆ ನಾಲಿಗೆಗಳು ಮತ್ತು ಅವುಗಳನ್ನು ಸರಿಪಡಿಸುವ ಸೂಜಿ ಅವು. ಮದುವೆಯ ಮುಹೂರ್ತದಲ್ಲಿ ಓಲಗದವರಿಗೆ ನಿಲ್ಲಲು ಪುರುಸೊತ್ತಿಲ್ಲ.

ಪಿಟೀಲು ಮತ್ತು ಗ್ರಾಮಫೋನು

ಇವೆರಡೂ ಹೊರಗಿನಿಂದ ಬಂದವು, ಆದ್ದರಿಂದ ಪರಂಪರೆಯ ವಾದ್ಯಗಳ ನಡುವೆ ಇವೇಕೆ ಎಂದು ಅನಿಸಬಹುದು. ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದವರಲ್ಲಿ ಬಾಲುಸ್ವಾಮಿ ದೀಕ್ಷಿತರ (1786–1859) ಹೆಸರು ಮೊದಲಿನದು. ನಮ್ಮ ಟಿ. ಚೌಡಯ್ಯನವರು (1895–1967) ಮೈಕ್ ಇಲ್ಲದ ದೊಡ್ಡ ಸಭೆಗಳಲ್ಲಿ ಕೊನೆಯ ಸಾಲಿನವರಿಗೂ ಕೇಳಬೇಕೆಂದು ನಾಲ್ಕು ತಂತಿಗಳಿಗೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಅವರ ನೆನಪಿಗೆ 1980ರಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಭವನ ಮಲ್ಲೇಶ್ವರದ ಬಳಿ ನಿಂತಿದೆ. ಕುದುರೆ, ತಂತಿ, ಬಿರಡೆಗಳನ್ನು ಕಟ್ಟಡದಲ್ಲಿ ಗುರುತಿಸುವ ಆಟವನ್ನು ಮಕ್ಕಳೊಡನೆ ಆಡಬಹುದು.

ಗ್ರಾಮಫೋನಿನ ತಟ್ಟೆಗಳ ವಿಭಾಗದಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ಧ್ವನಿ ಕೇಳಲು ಸಿಕ್ಕರೆ ಪೂರ್ತಿ ಕೇಳಿ. 1902ರಲ್ಲಿ ಕಲ್ಕತ್ತೆಯಲ್ಲಿ ಅವರ ಧ್ವನಿ ಮುದ್ರಣವಾದಾಗ ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲಿ ಮುಗಿಸಿ, ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುವುದನ್ನು ಕೇಳಬಹುದು. ಅವರು ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಮುಟ್ಟಲು ಬಿಡುವ ಕಡೆ

ಜೆ.ಪಿ. ನಗರದ ಸಂಗ್ರಹಾಲಯದ ಹೊರಗಿರುವ ನಾದದ ತೋಟದಂತೆ ಕೆಲವು ಕಡೆ ನಾವೇ ನುಡಿಸಿ ನೋಡುವ ಏರ್ಪಾಡು ಇರುತ್ತದೆ. ಅಲ್ಲಿ ಬಲವಾಗಿ ಬಾರಿಸುವುದಕ್ಕಿಂತ ಮೆಲ್ಲಗೆ ತಟ್ಟಿ, ನಾದ ಪೂರ್ತಿ ಅಡಗುವವರೆಗೆ ಕಾಯುವುದನ್ನು ಮಕ್ಕಳಿಗೆ ಹೇಳಿಕೊಡಿ. ಒಂದು ಪೆಟ್ಟಿನ ಬಾಲ ಎಷ್ಟು ಉದ್ದವಿರುತ್ತದೆಂಬುದು ಹಾಗೆ ಕಾದಾಗಲೇ ತಿಳಿಯುವುದು. ಕೈಯ ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಟ್ಟು ಮುಟ್ಟಿ. ಮುಟ್ಟಬಾರದೆಂದು ಬರೆದ ಕಡೆ ಒಂದು ಬೆರಳೂ ಸೋಕಬಾರದು, ಏಕೆಂದರೆ ಬೆವರಿನ ಉಪ್ಪು ಕಂಚನ್ನೂ ಹಿತ್ತಾಳೆಯನ್ನೂ ನಿಧಾನವಾಗಿ ತಿನ್ನುತ್ತದೆ.

ಬಂದ ಮೇಲೆ

ಹದಿನೈದು ದಿನದೊಳಗೆ, ನೋಡಿದ ವಾದ್ಯಗಳಲ್ಲಿ ಒಂದನ್ನಾದರೂ ಎದುರಿಗೆ ಕುಳಿತು ಕೇಳಿ. ಈ ಊರಿನಲ್ಲಿ ಅದಕ್ಕೆ ಕೊರತೆಯಿಲ್ಲ. 1905ರಲ್ಲಿ ಆರಂಭವಾದ ಬೆಂಗಳೂರು ಗಾಯನ ಸಮಾಜದ ಕಚೇರಿಗಳಿವೆ. ರಾಮನವಮಿಯ ಹೊತ್ತಾದರೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಆವರಣದಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ಉತ್ಸವವಿದೆ. ಸಾಧ್ಯವಾದಷ್ಟು ಮುಂದಿನ ಸಾಲಿನಲ್ಲಿ, ಮೃದಂಗದವರ ಬಲಗೈ ಕಾಣುವ ಕಡೆ ಕುಳಿತುಕೊಳ್ಳಿ. ಕಚೇರಿ ಆರಂಭವಾಗುವ ಇಪ್ಪತ್ತು ನಿಮಿಷ ಮೊದಲೇ ಹೋದರೆ ಶ್ರುತಿ ಸೇರಿಸುವುದನ್ನು ನೋಡಬಹುದು: ಮೃದಂಗದ ಅಂಚನ್ನು ಕಲ್ಲಿನಿಂದ ತಟ್ಟಿ ಬಿಗಿ ಮಾಡುವುದು, ತಂಬೂರಿಯ ನೂಲನ್ನು ಸರಿಸುವುದು.

ಬಳೇಪೇಟೆಯ ವಾದ್ಯದ ಅಂಗಡಿಗಳ ಬೀದಿಯಲ್ಲಿ ಒಂದು ಸಂಜೆ ಸುತ್ತಿ ಬರುವುದೂ ಉಪಯುಕ್ತ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ನಡೆದುಹೋಗಬಹುದು. ಅಂಗಡಿಯವರಿಗೆ ಬಿಡುವಿದ್ದಾಗ ಮಾತ್ರ ಮಾತಾಡಿಸಿ, ಮುಚ್ಚಿಗೆ ಕಟ್ಟುವುದನ್ನು ಸ್ವಲ್ಪ ಹೊತ್ತು ನಿಂತು ನೋಡಲು ಅನುಮತಿ ಕೇಳಿ.

ಇಂಥ ಭೇಟಿಯ ನಂತರ ಹಲವರಿಗೆ ತಮ್ಮ ಮನೆಯ ಅಟ್ಟದಲ್ಲಿರುವ ಅಜ್ಜಿಯ ವೀಣೆಯೋ ತಾತನ ಹಾರ್ಮೋನಿಯಮ್ಮೋ ನೆನಪಾಗುತ್ತದೆ. ಅದನ್ನು ಇಳಿಸಿದ ಕೂಡಲೇ ಎಣ್ಣೆ ಹಚ್ಚಬೇಡಿ, ಹುಣಸೆಹಣ್ಣಿನಿಂದ ಹಿತ್ತಾಳೆಯನ್ನು ತಿಕ್ಕಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಒಣಗಿದ ಮೆತ್ತನೆಯ ಕುಂಚದಿಂದ ಧೂಳನ್ನು ಮಾತ್ರ ತೆಗೆಯಿರಿ. ಬಿಗಿಯಾದ ತಂತಿಗಳಿದ್ದರೆ ಎಲ್ಲವನ್ನೂ ಸಮನಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬಿಸಿಲು ಬೀಳದ, ಗೋಡೆಯ ತೇವ ತಾಗದ ಜಾಗದಲ್ಲಿ, ಹತ್ತಿಯ ಬಟ್ಟೆ ಹೊದಿಸಿ ಇಡಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಆಮೇಲೆ ಎಲ್ಲ ಕಡೆಯಿಂದಲೂ ಫೋಟೊ ತೆಗೆದು, ಅದನ್ನು ಯಾರು ನುಡಿಸುತ್ತಿದ್ದರು, ಯಾರಲ್ಲಿ ಕಲಿತರು, ವಾದ್ಯವನ್ನು ಯಾವ ಊರಿನಿಂದ ತಂದರು, ಯಾರು ಮಾಡಿದ್ದು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು, ಆ ಹಾಳೆಯನ್ನು ವಾದ್ಯದ ಜೊತೆಯಲ್ಲೇ ಇಡಿ. ಮುಂದೆ ಅದನ್ನು ರಿಪೇರಿ ಮಾಡಿಸುವುದಾದರೂ, ಕಲಿಯುವ ಮಗುವಿಗೆ ಕೊಡುವುದಾದರೂ, ಸಂಗ್ರಹಾಲಯವೊಂದಕ್ಕೆ ಒಪ್ಪಿಸುವುದಾದರೂ ಅವರು ಮೊದಲು ಕೇಳುವುದು ಆ ಹಾಳೆಯಲ್ಲಿರುವ ವಿವರಗಳನ್ನೇ.